ಶಾಸ್ತ್ರಭಂಡಾರದಲ್ಲಿ ಕಥೆಗೆ ಎಡೆಯುಂಟೆ?

ಕನ್ನಡ ನಾಡಿನ ಅನೇಕ ಬಸದಿಗಳ ಆವರಣದಲ್ಲಿ ಸ್ವಾಧ್ಯಾಯಕ್ಕೆಂದು ಮೀಸಲಾದ ಒಂದು ಕೊಠಡಿ ಇರುತ್ತದೆ. ಗಾಜಿನ ಬಾಗಿಲಿನ ಕಪಾಟಿನಲ್ಲಿ ಮೇಲಿನ ಸಾಲಿಗೆ ಆಗಮ ಗ್ರಂಥಗಳು, ನಡುವಣ ಸಾಲಿಗೆ ಪೂಜಾಸಂಗ್ರಹ ಹಾಗೂ ವ್ರತವಿಧಾನಗಳು, ಕೆಳಗಿನ ಸಾಲಿಗೆ ಪಂಚಕಲ್ಯಾಣ ಮಹೋತ್ಸವಗಳ ಸ್ಮರಣ ಸಂಚಿಕೆಗಳು ಮತ್ತು ದಾನಿಗಳ ಅಭಿನಂದನ ಗ್ರಂಥಗಳು. ಬೀಗದ ಕೈ ವ್ಯವಸ್ಥಾಪಕರ ಬಳಿ. ಹಬ್ಬಹರಿದಿನಗಳಲ್ಲಿ ಧೂಳು ಒರೆಸಲು ಕಪಾಟು ತೆರೆಯುತ್ತದೆ. ಓದುವುದಕ್ಕಾಗಿ ತೆರೆಯುವುದು ಅಪರೂಪ. ಈ ಕಪಾಟಿನಲ್ಲಿ ಕಾದಂಬರಿಯಾಗಲಿ, ನಾಟಕವಾಗಲಿ, ಆತ್ಮಕಥೆಯಾಗಲಿ ಕಣ್ಣಿಗೆ ಬೀಳುವುದಿಲ್ಲ. ಕಾರಣ ಕೇಳಿದರೆ ಬರುವ ಉತ್ತರ ಒಂದೇ: ‘ಅವು ವಿಕಥೆಗಳು, ಬಸದಿಯ ಆವರಣಕ್ಕೆ ಸಲ್ಲವು.’

ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ; ಅದರ ಹಿಂದೆ ಶಾಸ್ತ್ರದ ಆಧಾರವಿದೆ. ಕುಂದಕುಂದಾಚಾರ್ಯರ ನಿಯಮಸಾರವು ವಚನಗುಪ್ತಿಯನ್ನು ವಿವರಿಸುವಾಗ ಸ್ತ್ರೀಕಥೆ, ರಾಜಕಥೆ, ಚೋರಕಥೆ, ಭಕ್ತಕಥೆ ಎಂಬ ನಾಲ್ಕು ಬಗೆಯ ಮಾತುಗಳನ್ನು ತ್ಯಜಿಸಬೇಕೆಂದು ಹೇಳುತ್ತದೆ. ಆದರೆ ಅಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ಗುಪ್ತಿಯು ಮುಖ್ಯವಾಗಿ ಮುನಿಗಳ ಆಚರಣೆಗೆ ಸಂಬಂಧಿಸಿದುದು. ಎರಡನೆಯದು, ಆಚಾರ್ಯರು ಆ ಮಾತುಗಳನ್ನು ನಿಷೇಧಿಸುವಾಗ ‘ಪಾಪಕ್ಕೆ ಹೇತುವಾದ’ ಎಂಬ ವಿಶೇಷಣವನ್ನು ಸೇರಿಸುತ್ತಾರೆ. ಎಂದರೆ ದೋಷವಿರುವುದು ಕಥೆಯಲ್ಲಿ ಹೆಣ್ಣು, ಅರಸು, ಕಳ್ಳ ಅಥವಾ ಊಟ ಬರುವುದರಲ್ಲಿ ಅಲ್ಲ. ಅದು ಕೇಳುವವನ ಮನಸ್ಸಿನಲ್ಲಿ ಎಬ್ಬಿಸುವ ಭಾವದಲ್ಲಿ.

ಹೀಗಲ್ಲದಿದ್ದರೆ ಜೈನ ವಾಙ್ಮಯದ ಬಹುಭಾಗವನ್ನೇ ಕಪಾಟಿನಿಂದ ಹೊರಗಿಡಬೇಕಾಗುತ್ತದೆ. ಜಿನವಾಣಿಯನ್ನು ನಾಲ್ಕು ಅನುಯೋಗಗಳಾಗಿ ವಿಂಗಡಿಸಿದ ಹಿರಿಯರು ಕಥೆಗೆ ಕೊಟ್ಟ ಹೆಸರೇ ಪ್ರಥಮಾನುಯೋಗ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಚರಿತ ಮತ್ತು ಪುರಾಣಗಳನ್ನು ಈ ಅನುಯೋಗದಲ್ಲಿ ಸೇರಿಸಿ, ಅದನ್ನು ಬೋಧಿ ಸಮಾಧಿಗಳ ನಿಧಿಯೆಂದು ಕರೆಯುತ್ತದೆ. ವ್ಯಾಖ್ಯಾನಕಾರರ ಪ್ರಕಾರ ತ್ರಿಷಷ್ಟಿ ಶಲಾಕಾಪುರುಷರ ವೃತ್ತಾಂತ ಪುರಾಣವಾದರೆ, ಒಬ್ಬ ವ್ಯಕ್ತಿಯ ಬದುಕಿನ ವೃತ್ತಾಂತ ಚರಿತ. ಒಬ್ಬನ ಬದುಕನ್ನು ಆದ್ಯಂತವಾಗಿ ನೋಡುವ ಅಭಿರುಚಿ ಈ ಪರಂಪರೆಗೆ ಹೊಸದಲ್ಲ.

ಕನ್ನಡದ ಮಟ್ಟಿಗಂತೂ ಮಾತು ಇನ್ನೂ ಸ್ಪಷ್ಟ. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಋಷಭದೇವನಿಗೆ ವೈರಾಗ್ಯ ಹುಟ್ಟುವುದು ಆಸ್ಥಾನದಲ್ಲಿ ನೀಲಾಂಜನೆಯು ನರ್ತಿಸುತ್ತಿರುವಾಗ. ನೃತ್ಯದ ಸೊಬಗನ್ನು ಓದುಗನು ಕಾಣದಿದ್ದರೆ ಅದರ ನಶ್ವರತೆಯೂ ಅವನಿಗೆ ತಟ್ಟುವುದಿಲ್ಲ. ಜನ್ನನ ಯಶೋಧರ ಚರಿತೆ (1209) ನಿಂತಿರುವುದೇ ಒಬ್ಬ ರಾಣಿಯು ಮಾವುತನಲ್ಲಿ ಅನುರಕ್ತಳಾದ ಪ್ರಸಂಗದ ಮೇಲೆ. ಹೊರನೋಟಕ್ಕೆ ಇದು ಸ್ತ್ರೀಕಥೆಯೂ ಹೌದು, ರಾಜಕಥೆಯೂ ಹೌದು. ಆದರೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನು ಜನ್ಮಜನ್ಮಾಂತರಗಳಲ್ಲಿ ಅನುಭವಿಸಿದ ದುಃಖವನ್ನು ಓದಿದವರಿಗೆ ಸಂಕಲ್ಪಹಿಂಸೆಯೆಂದರೇನೆಂದು ಬೇರೆ ಉಪನ್ಯಾಸದಲ್ಲಿ ಹೇಳಬೇಕಾಗಿಲ್ಲ.

ಚೋರಕಥೆಯ ವಿಷಯಕ್ಕೆ ವಡ್ಡಾರಾಧನೆಯೇ ಸಾಕ್ಷಿ. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿ ಪ್ರಕಟಿಸಿದ ಈ ಪ್ರಾಚೀನ ಗದ್ಯಕೃತಿಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಹಗಲೆಲ್ಲ ಕುಷ್ಠರೋಗಿಯ ವೇಷ, ಇರುಳಾದರೆ ಕಳವು. ಅವನನ್ನು ಹಿಡಿಯಬೇಕಾದ ತಳಾರ ಯಮದಂಡನು ಬಾಲ್ಯದ ಗೆಳೆಯ. ಅರಮನೆಯ ಹಾರ ಕಾಣೆಯಾದಾಗ ತಳಾರನಿಗೆ ವಿಧಿಸಿದ ಗಡುವು. ಕೊನೆಗೆ ಸಿಕ್ಕಿಬಿದ್ದು ಮೂವತ್ತೆರಡು ಬಗೆಯ ಚಿತ್ರಹಿಂಸೆಗೆ ಒಳಗಾದರೂ ಒಪ್ಪಿಕೊಳ್ಳದ ಕಳ್ಳ. ಇಂದಿನ ಪತ್ತೇದಾರಿ ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲ ಇದರಲ್ಲಿದೆ. ಹೀಗಿದ್ದರೂ ಇದು ಆರಾಧನಾಕಥೆ. ಏಕೆಂದರೆ ಆ ಚೋರನೇ ಮುಂದೆ ಮುನಿಯಾಗಿ ಉಪಸರ್ಗವನ್ನು ಸಹಿಸುತ್ತಾನೆ. ಪಾಪಿಯ ಕಥೆಯನ್ನು ಹೇಳಲು ಹಳೆಯ ಜೈನ ಕಥೆಗಾರರು ಎಂದೂ ಹಿಂಜರಿಯಲಿಲ್ಲ. ಹಿಂಜರಿಕೆ ಈಚಿನದು.

ಹಾಗಾದರೆ ಯಾವ ಪುಸ್ತಕವನ್ನು ತಂದಿಟ್ಟರೂ ಸರಿಯೆ? ಖಂಡಿತ ಅಲ್ಲ. ಇಲ್ಲಿಯೂ ಶಾಸ್ತ್ರವೇ ಅಳತೆಗೋಲನ್ನು ಒದಗಿಸುತ್ತದೆ. ರೌದ್ರಧ್ಯಾನದ ನಾಲ್ಕು ಭೇದಗಳು ಹಿಂಸಾನಂದ, ಮೃಷಾನಂದ, ಚೌರ್ಯಾನಂದ, ಪರಿಗ್ರಹಾನಂದ. ಈ ನಾಲ್ಕು ಹೆಸರುಗಳಲ್ಲೂ ಇರುವ ‘ಆನಂದ’ವೆಂಬ ಪದವು ವಿಮರ್ಶೆಯ ಕೀಲಿಕೈ. ಕೊಲೆಯನ್ನು ಚಿತ್ರಿಸುವ ಕಾದಂಬರಿ ಬೇರೆ, ಕೊಲೆಯಲ್ಲಿ ಓದುಗನು ಹಿಗ್ಗುವಂತೆ ಮಾಡುವ ಕಾದಂಬರಿ ಬೇರೆ. ಸುಳ್ಳುಗಾರನನ್ನು ತೋರಿಸುವ ಪುಸ್ತಕದಿಂದ ಹಾನಿಯಿಲ್ಲ. ಸುಳ್ಳನ್ನು ಜಾಣತನವೆಂದು ಕೊಂಡಾಡುವ ಪುಸ್ತಕದಿಂದ ಹಾನಿಯುಂಟು. ಸಿರಿವಂತಿಕೆಯನ್ನು ವರ್ಣಿಸುವುದು ದೋಷವಲ್ಲ. ಗಳಿಕೆಯೇ ಪುರುಷಾರ್ಥವೆಂಬ ಅಮಲನ್ನು ಏರಿಸುವುದು ದೋಷ. ವ್ಯಾಪಾರದಲ್ಲಿ ಶೀಘ್ರವಾಗಿ ಮುಂದೆ ಬರುವ ಉಪಾಯಗಳನ್ನು ಬೋಧಿಸುವ ಪುಸ್ತಕಗಳನ್ನು ಮಕ್ಕಳ ಕೈಗೆ ಸಂತೋಷದಿಂದ ಕೊಡುವ ಮನೆಗಳಲ್ಲಿಯೇ ಕಾದಂಬರಿಗೆ ನಿಷೇಧವಿರುವುದುಂಟು. ಪರಿಗ್ರಹಾನಂದದ ದೃಷ್ಟಿಯಿಂದ ಇವೆರಡರಲ್ಲಿ ಯಾವುದು ಹೆಚ್ಚು ಅಪಾಯಕರವೆಂದು ಹಿರಿಯರು ಯೋಚಿಸಬೇಕು.

ಆತ್ಮಕಥೆಗಳಿಗೆ ಇನ್ನೊಂದು ಅಳತೆಗೋಲು ಬೇಕು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಪರನಿಂದೆ, ಆತ್ಮಪ್ರಶಂಸೆ, ಇತರರಲ್ಲಿ ಇರುವ ಗುಣವನ್ನು ಮರೆಮಾಡುವುದು, ತನ್ನಲ್ಲಿ ಇಲ್ಲದ ಗುಣವನ್ನು ಪ್ರಕಟಿಸುವುದು ಇವುಗಳನ್ನು ನೀಚಗೋತ್ರದ ಆಸ್ರವಕ್ಕೆ ಕಾರಣಗಳೆಂದು ಎಣಿಸುತ್ತದೆ. ತನ್ನ ಜೀವನವನ್ನು ಬರೆಯಲು ಕುಳಿತ ಯಾವನೇ ಆಗಲಿ ಈ ನಾಲ್ಕು ಹಳ್ಳಗಳನ್ನು ದಾಟಿಯೇ ಹೋಗಬೇಕು. ದಾಟಿದವರು ವಿರಳ. ದಾಟಿದವರಲ್ಲಿ ಅಗ್ರಗಣ್ಯನು ಒಬ್ಬ ಜೈನ ವ್ಯಾಪಾರಿಯೆಂಬುದು ಶ್ರಾವಕರಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಬನಾರಸೀದಾಸನು 1586ರಲ್ಲಿ ಜೌನಪುರದಲ್ಲಿ ಜನಿಸಿದವನು; ರತ್ನವ್ಯಾಪಾರಿ ಖರಗಸೇನನ ಮಗ. 1641ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಆಗ್ರಾದಲ್ಲಿ ಕುಳಿತು ತನ್ನ ಬದುಕನ್ನು 675 ಪದ್ಯಗಳಲ್ಲಿ ಬರೆದನು. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷಗಳೆಂದು ಲೆಕ್ಕ ಹಾಕಿ, ತಾನು ಬರೆದುದು ಅರ್ಧವೆಂದು ಕೃತಿಗೆ ‘ಅರ್ಧಕಥಾನಕ’ವೆಂದು ಹೆಸರಿಟ್ಟನು. ಹಿಂದಿ ಸಾಹಿತ್ಯದಲ್ಲಿ ಇದು ಮೊದಲ ಆತ್ಮಕಥೆಯೆಂದು ಮನ್ನಣೆ ಪಡೆದಿದೆ. ಮುಕುಂದ ಲಾಠ್ ಅವರು 1981ರಲ್ಲಿ ಇದನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ ಮೇಲೆ ಇದರ ಕೀರ್ತಿ ಹಿಂದಿಯ ಎಲ್ಲೆಯನ್ನು ದಾಟಿತು.

ಈ ಪುಸ್ತಕದಲ್ಲಿ ಕಾಣುವ ಶ್ರಾವಕನು ಸ್ಮರಣ ಸಂಚಿಕೆಗಳ ಶ್ರಾವಕನಂತೆ ಇಲ್ಲ. ಯೌವನದಲ್ಲಿ ಶೃಂಗಾರ ತುಂಬಿದ ಒಂದು ಕಾವ್ಯವನ್ನು ಬರೆದು, ಒಂದು ದಿನ ಗೆಳೆಯರೆದುರಿಗೇ ಅದನ್ನು ಗೋಮತೀ ನದಿಗೆ ಎಸೆದವನು. ನಿತ್ಯವೂ ಬಾಗಿಲಲ್ಲಿ ಒಂದು ಚಿನ್ನದ ನಾಣ್ಯ ಸಿಗುವುದೆಂದು ಸಂನ್ಯಾಸಿಯೊಬ್ಬನು ನಂಬಿಸಿ ಕೊಟ್ಟ ಮಂತ್ರವನ್ನು ಒಂದು ವರ್ಷ ಗುಟ್ಟಾಗಿ ಜಪಿಸಿ, ಕೊನೆಗೆ ಬರಿಗೈಯಲ್ಲಿ ಕುಳಿತವನು. 1605ರಲ್ಲಿ ಅಕ್ಬರನು ತೀರಿಕೊಂಡ ಸುದ್ದಿ ಕೇಳಿ ಮೆಟ್ಟಿಲಿನಿಂದ ಉರುಳಿಬಿದ್ದು ತಲೆ ಒಡೆದುಕೊಂಡವನು. ಆಗ್ರಾಕ್ಕೆ ವ್ಯಾಪಾರಕ್ಕೆಂದು ಹೋಗಿ ಮೂಲಧನವನ್ನೆಲ್ಲ ಕಳೆದುಕೊಂಡು, ಕಚೋರಿ ಮಾರುವವನಲ್ಲಿ ತಿಂಗಳುಗಟ್ಟಲೆ ಸಾಲಕ್ಕೆ ತಿಂದವನು. ಆ ದಾರಿದ್ರ್ಯದ ದಿನಗಳಲ್ಲಿ ಸಂಜೆಯ ಹೊತ್ತು ಮನೆಯಲ್ಲಿ ನೆರೆದವರಿಗೆ ಅವನು ಓದಿ ಹೇಳುತ್ತಿದ್ದುದು ಮಧುಮಾಲತಿ ಮತ್ತು ಮೃಗಾವತಿ ಎಂಬ ಪ್ರೇಮಾಖ್ಯಾನಗಳನ್ನು. ಕೇಳಲು ಬರುತ್ತಿದ್ದವರಲ್ಲಿ ಸಾಲ ಕೊಟ್ಟ ಆ ಕಚೋರಿಯವನೂ ಒಬ್ಬ. ತನ್ನಲ್ಲಿ ಹಣವಿಲ್ಲವೆಂದು ಬನಾರಸಿಯು ಒಪ್ಪಿಕೊಂಡಾಗ ಆ ಬಡ ವ್ಯಾಪಾರಿಯು ಸಾಲವನ್ನು ನಿಲ್ಲಿಸಲಿಲ್ಲ, ಇನ್ನಷ್ಟು ಕೊಡಲು ಮುಂದಾದನು. ಕಥೆಯ ಸಹವಾಸದಲ್ಲಿ ಹುಟ್ಟಿದ ವಿಶ್ವಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಧರ್ಮದ ವಿಷಯದಲ್ಲಿಯೂ ಅವನು ಏನನ್ನೂ ಮುಚ್ಚಿಡಲಿಲ್ಲ. ಸಮಯಸಾರವನ್ನು ಓದಿ, ಅದರ ನಿಶ್ಚಯನಯವನ್ನು ಅರೆಬರೆಯಾಗಿ ಗ್ರಹಿಸಿ, ಪೂಜೆ ವ್ರತಗಳನ್ನು ತೊರೆದು, ಕೋಣೆಯೊಳಗೆ ಮಿತ್ರರೊಂದಿಗೆ ಬಟ್ಟೆ ಕಳಚಿ ಮುನಿಗಳೆಂದು ಆಟವಾಡಿದ ನಾಚಿಕೆಗೇಡಿನ ಪ್ರಸಂಗವನ್ನು ತಾನೇ ದಾಖಲಿಸಿದ್ದಾನೆ. ಮುಂದೆ ಇದೇ ಮನುಷ್ಯನು 1636ರಲ್ಲಿ ‘ಸಮಯಸಾರ ನಾಟಕ’ವನ್ನು ಬರೆದನೆಂಬುದನ್ನು ನೆನೆದರೆ, ಎಡವಿದವನೇ ದಾರಿಯನ್ನು ಸರಿಯಾಗಿ ಬಲ್ಲನೆಂಬುದು ತಿಳಿಯುತ್ತದೆ. ಒಂಬತ್ತು ಮಕ್ಕಳು ಹುಟ್ಟಿ ಒಂಬತ್ತೂ ತೀರಿಕೊಂಡುದನ್ನು ಹೇಳುವಾಗಲೂ ಅವನ ಧ್ವನಿ ಏರುವುದಿಲ್ಲ. ಕೊನೆಯಲ್ಲಿ ತನ್ನ ಗುಣಗಳನ್ನೂ ದೋಷಗಳನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಪಟ್ಟಿ ಮಾಡುತ್ತಾನೆ. ತನ್ನನ್ನು ಉತ್ತಮರಲ್ಲಿಯೂ ಎಣಿಸದೆ, ಅಧಮರಲ್ಲಿಯೂ ಎಣಿಸದೆ, ಮಧ್ಯಮರಲ್ಲಿ ಸೇರಿಸುತ್ತಾನೆ. ವರ್ಷಾಂತ್ಯದಲ್ಲಿ ಜಮಾ ಖರ್ಚುಗಳನ್ನು ತಾಳೆ ನೋಡುವ ವರ್ತಕನ ಶಿಸ್ತು ಅಲ್ಲಿದೆ. ಲಾಭವನ್ನು ಮಾತ್ರ ಬರೆದು ನಷ್ಟವನ್ನು ಬಿಟ್ಟ ಖಾತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಜೀವನಚರಿತ್ರೆಯ ವಿಷಯದಲ್ಲಿ ಮಾತ್ರ ಸಮಾಜವು ಅಂತಹ ಖಾತೆಗಳನ್ನು ಅಚ್ಚುಹಾಕಿಸಿ, ಹಾರ ಹಾಕಿ ಬಿಡುಗಡೆ ಮಾಡುತ್ತದೆ.

ಇಲ್ಲಿಯೇ ಅಭಿನಂದನ ಗ್ರಂಥಗಳ ದೌರ್ಬಲ್ಯವಿರುವುದು. ಅವುಗಳಲ್ಲಿ ದಾನದ ಮೊತ್ತವಿರುತ್ತದೆ, ಪದವಿಗಳ ಪಟ್ಟಿಯಿರುತ್ತದೆ. ಆದರೆ ಸಂದೇಹವಿಲ್ಲ, ತಪ್ಪಿಲ್ಲ, ಪಶ್ಚಾತ್ತಾಪವಿಲ್ಲ. ಪ್ರತಿದಿನ ಪ್ರತಿಕ್ರಮಣದಲ್ಲಿ ತನ್ನ ದೋಷಗಳನ್ನು ತಾನೇ ಎಣಿಸಿಕೊಳ್ಳಬೇಕೆಂದು ವಿಧಿಸಿದ ಧರ್ಮದ ಅನುಯಾಯಿಗಳು ಮುದ್ರಣದಲ್ಲಿ ಮಾತ್ರ ದೋಷರಹಿತರಾಗಿ ಕಾಣುತ್ತಾರೆ. ಇದನ್ನು ಓದಿದ ತರುಣನಿಗೆ ಎರಡೇ ದಾರಿ: ತಾನು ಇಂತಹವರ ಸಾಲಿಗೆ ಸೇರಲಾರೆನೆಂದು ದೂರ ಸರಿಯುವುದು, ಇಲ್ಲವೆ ಇದೆಲ್ಲ ಬರಿಯ ಹೊಗಳಿಕೆಯೆಂದು ನಗುವುದು. ಎರಡರಲ್ಲಿಯೂ ಧರ್ಮಕ್ಕೆ ನಷ್ಟ.

ಬನಾರಸೀದಾಸನನ್ನು ಓದಿದವರಿಗೆ ಮುಂದಿನ ಪುಸ್ತಕವನ್ನು ಹುಡುಕುವುದು ಕಷ್ಟವಲ್ಲ. ಒಂದು ಒಳ್ಳೆಯ ಕೃತಿಯು ಇನ್ನೊಂದರ ಮನೆಯ ದಾರಿಯನ್ನು ತೋರಿಸುತ್ತದೆ. ಅಲ್ಲಿಂದ ಕ್ಷುಲ್ಲಕ ಗಣೇಶಪ್ರಸಾದ ವರ್ಣಿಯವರ ‘ಮೇರೀ ಜೀವನ ಗಾಥಾ’ಕ್ಕೆ ಹೋಗಬಹುದು. ಜೈನೇತರ ಕುಟುಂಬದಲ್ಲಿ ಜನಿಸಿ, ಚಿರೋಂಜಾಬಾಯಿಯೆಂಬ ಧರ್ಮಮಾತೆಯ ಆಶ್ರಯದಲ್ಲಿ ವಿದ್ಯೆ ಪಡೆದ ವರ್ಣಿಯವರು 1905ರಲ್ಲಿ ಕಾಶಿಯಲ್ಲಿ ಸ್ಯಾದ್ವಾದ ಮಹಾವಿದ್ಯಾಲಯ ಸ್ಥಾಪನೆಗೆ ಕಾರಣರಾದರು. ದಾನವಾಗಿ ಬಂದ ಒಂದು ರೂಪಾಯಿಯಲ್ಲಿ ಅರುವತ್ತನಾಲ್ಕು ಅಂಚೆ ಕಾರ್ಡುಗಳನ್ನು ಕೊಂಡು ಊರೂರಿನ ಶ್ರಾವಕರಿಗೆ ಪತ್ರ ಬರೆದು ಆ ಕಾರ್ಯವನ್ನು ಆರಂಭಿಸಿದ ಪ್ರಸಂಗವನ್ನು ಪ್ರತಿಯೊಂದು ಟ್ರಸ್ಟಿನ ಸಭೆಯಲ್ಲಿಯೂ ಓದಿಸತಕ್ಕದ್ದು. ಅಲ್ಲಿಂದ ಗಾಂಧೀಜಿಯವರ ಆತ್ಮಕಥೆಗೆ. 1891ರಲ್ಲಿ ಮುಂಬಯಿಯಲ್ಲಿ ಅವರು ಕಂಡ ರಾಯಚಂದಭಾಯಿಯವರ ಚಿತ್ರವು ವರ್ತಕರ ಮನೆಗಳಿಗೆ ಕನ್ನಡಿಯಂತಿದೆ. ಲಕ್ಷಾಂತರ ರೂಪಾಯಿಗಳ ರತ್ನವ್ಯಾಪಾರ. ವ್ಯವಹಾರದ ಮಾತು ಮುಗಿದೊಡನೆ ಕೈಗೆ ಬರುವುದು ಧರ್ಮಗ್ರಂಥ ಅಥವಾ ದಿನಚರಿ.

ಕಾಲ್ಪನಿಕ ಕೃತಿಗಳಲ್ಲಿಯೂ ಇಂತಹ ದಾರಿಗಳಿವೆ. ಯಶೋಧರ ಚರಿತೆಯನ್ನು ಓದಿದವರು ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕವನ್ನು ಓದಿ, ಸಂಕಲ್ಪಹಿಂಸೆಯ ಅದೇ ಪ್ರಶ್ನೆಯು ಆಧುನಿಕ ಮನಸ್ಸಿನಲ್ಲಿ ಹೇಗೆ ತೊಳಲುತ್ತದೆಂದು ನೋಡಬಹುದು. ಒಪ್ಪದಿರುವ ಹಕ್ಕು ಓದುಗರಿಗೆ ಇದ್ದೇ ಇದೆ. ಪರಿಗ್ರಹಪರಿಮಾಣವನ್ನು ಮಕ್ಕಳಿಗೆ ತಿಳಿಸಬೇಕಾದವರು ಟಾಲ್‌ಸ್ಟಾಯ್ 1886ರಲ್ಲಿ ಬರೆದ, ಮನುಷ್ಯನಿಗೆ ಎಷ್ಟು ನೆಲ ಬೇಕೆಂಬ ಪ್ರಶ್ನೆಯ ಕಥೆಯನ್ನು ಓದಿ ಹೇಳಲಿ. ಸೂರ್ಯಾಸ್ತದೊಳಗೆ ಸುತ್ತಿಬಂದಷ್ಟು ನೆಲವೂ ತನ್ನದೆಂದು ಓಡಿದ ರೈತನಿಗೆ ಕೊನೆಗೆ ದಕ್ಕಿದುದು ಗೋರಿಯ ಅಳತೆಯ ನೆಲ. ರಷ್ಯದ ಆ ಲೇಖಕನು ಜೈನನಲ್ಲ. ಆದರೆ ಐದನೆಯ ಅಣುವ್ರತಕ್ಕೆ ಇದಕ್ಕಿಂತ ತೀಕ್ಷ್ಣವಾದ ದೃಷ್ಟಾಂತ ದೊರೆಯುವುದು ಕಷ್ಟ. ಶಿವರಾಮ ಕಾರಂತರ ‘ಅಳಿದ ಮೇಲೆ’ (1960) ಕಾದಂಬರಿಯಲ್ಲಿ, ಸತ್ತ ಗೆಳೆಯನು ಒಪ್ಪಿಸಿಹೋದ ಹಣವನ್ನು ತಲುಪಿಸಲು ಹೊರಟವನು ಆ ಗೆಳೆಯನ ಬದುಕನ್ನೇ ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಪರರ ಹಣಕ್ಕೆ ಧರ್ಮದರ್ಶಿಯಾಗುವುದೆಂದರೆ ಪರರ ಬದುಕಿಗೂ ಹೊಣೆಯಾಗುವುದೆಂಬ ಅರಿವು ಅದರಲ್ಲಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಕಾಡೆಲ್ಲ ಹುಡುಕಿ ಕಂಡ ಹಾರುವ ಓತಿಯು ಕೊನೆಗೆ ಯಾರ ಕೈಗೂ ಸಿಕ್ಕದೆ ತೇಲಿಹೋಗುತ್ತದೆ. ಬೇಟೆ, ಮಾಂಸಾಹಾರಗಳಿಗೆ ಒಗ್ಗಿದ ಜನರ ನಡುವೆ ನಡೆಯುವ ಈ ಕಥೆಯು ಶ್ರಾವಕನಿಗೆ ಅಲ್ಲಲ್ಲಿ ಕಸಿವಿಸಿ ಉಂಟುಮಾಡಬಹುದು. ಆದರೂ ಒಂದು ಜೀವಿಯನ್ನು ಬೆರಗಿನಿಂದ ನೋಡುವುದು ಅಹಿಂಸೆಯ ಮೊದಲ ಪಾಠವಲ್ಲವೆ?

ಶೇಡಬಾಳದ ಮಿರ್ಜಿ ಅಣ್ಣಾರಾಯರನ್ನು ಇಲ್ಲಿ ಮರೆಯುವಂತಿಲ್ಲ. ಅವರ ‘ನಿಸರ್ಗ’ವು ಬೆಳಗಾವಿಯ ಗಡಿಭಾಗದ ಒಕ್ಕಲುತನದ ಜೈನ ಬದುಕನ್ನು ಆ ಸೀಮೆಯ ಆಡುನುಡಿಯೊಡನೆ ಕಾದಂಬರಿಗೆ ತಂದಿತು. ಜೈನರೆಂದರೆ ಒಂದೋ ಮುನಿಗಳು, ಇಲ್ಲವೆ ಅಂಗಡಿಯವರು ಎಂಬ ಸಾಮಾನ್ಯ ಭಾವನೆಗೆ ಈ ಕೃತಿ ಉತ್ತರ. ಇಂತಹ ಪುಸ್ತಕವು ಜೈನ ಗ್ರಂಥಾಲಯಗಳಲ್ಲಿಯೇ ಕಾಣಸಿಗದೆಂದರೆ ಅದು ಪುಸ್ತಕದ ದೋಷವಲ್ಲ.

ತನ್ನವರ ಕಥೆಗಳಷ್ಟೇ ಸಾಲವು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಮೊದಲಾದ ಆತ್ಮಕಥನಗಳು ಅಸ್ಪೃಶ್ಯತೆಯ ನೋವನ್ನು ಉಂಡವರ ಬಾಯಿಂದಲೇ ಕೇಳಿಸುತ್ತವೆ. ಇರುವೆಯನ್ನು ತುಳಿಯದಂತೆ ಕಾಲಿಡುವವನು ಮನುಷ್ಯನ ಮನಸ್ಸನ್ನು ತುಳಿದುದುಂಟೆ ಎಂಬ ಪ್ರಶ್ನೆಯನ್ನು ಅವು ಓದುಗನ ಮುಂದಿಡುತ್ತವೆ. ಅನೇಕಾಂತವನ್ನು ಸಭೆಗಳಲ್ಲಿ ಹೊಗಳುವುದು ಸುಲಭ. ತನಗೆ ಎಂದೂ ಒದಗದ ಒಂದು ಬಾಳನ್ನು ಒಳಗಿನಿಂದ ಕಾಣುವುದು ಕಠಿನ. ಎಲ್ಲ ಮಾತೂ ಸರಿಯೆಂದು ತಲೆದೂಗುವುದು ಅನೇಕಾಂತವಲ್ಲ. ಯಾವ ನಯದಿಂದ, ಯಾವ ಅಪೇಕ್ಷೆಯಿಂದ ಒಂದು ಮಾತು ಸತ್ಯವಾಗುತ್ತದೆಂದು ಶೋಧಿಸುವುದು ಅನೇಕಾಂತ. ಒಳ್ಳೆಯ ಕಾದಂಬರಿ ಈ ಶೋಧನೆಗೆ ಅಭ್ಯಾಸವನ್ನು ಕೊಡುತ್ತದೆ.

ಓದುಗನ ಯೋಗ್ಯತೆಯ ವಿಚಾರವನ್ನೂ ಹಿರಿಯರು ಬಿಟ್ಟಿಲ್ಲ. ಧರ್ಮಕಥೆಯು ಆಕ್ಷೇಪಣೀ, ವಿಕ್ಷೇಪಣೀ, ಸಂವೇಜನೀ, ನಿರ್ವೇದನೀ ಎಂದು ನಾಲ್ಕು ಬಗೆ. ಅವುಗಳಲ್ಲಿ ಪರಮತವನ್ನೂ ಸ್ವಮತವನ್ನೂ ಎದುರುಬದುರಾಗಿ ಇಡುವ ವಿಕ್ಷೇಪಣಿಯನ್ನು ಜಿನವಚನವನ್ನು ಇನ್ನೂ ಅರಿಯದವನಿಗೆ ಹೇಳಕೂಡದೆಂದು ಧವಲಾ ಟೀಕೆ ಎಚ್ಚರಿಸುತ್ತದೆ. ನಿಷೇಧವು ಕಥೆಯ ಮೇಲಲ್ಲ, ಕಾಲ ಮತ್ತು ಪಾತ್ರದ ಮೇಲೆ. ಹತ್ತು ವರ್ಷದ ಮಗುವಿಗೂ ಮೂವತ್ತರ ಗೃಹಸ್ಥನಿಗೂ ಒಂದೇ ಪುಸ್ತಕ ಸಲ್ಲದು. ಆದುದರಿಂದ ಬೇಕಾಗಿರುವುದು ಬೀಗವಲ್ಲ, ಬಲ್ಲ ಮಾರ್ಗದರ್ಶಿ. ಮೊಬೈಲು ಫೋನು ಪ್ರತಿಯೊಂದು ಕೈಯಲ್ಲಿರುವ ಈ ಕಾಲದಲ್ಲಿ ಹಿಂಸಾನಂದದ ಸಾಮಗ್ರಿಯು ಕರೆಯದೆಯೇ ಮನೆಯೊಳಗೆ ಬರುತ್ತಿದೆ. ಬೀಗ ಬಿದ್ದಿರುವುದು ಒಳ್ಳೆಯ ಪುಸ್ತಕಗಳಿಗೆ ಮಾತ್ರ.

ಬೀಗದ ಇತಿಹಾಸವನ್ನು ಜೈನ ಸಮಾಜವು ಚೆನ್ನಾಗಿ ಬಲ್ಲದು. ಆ ಧವಲಾ ಗ್ರಂಥವೇ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಭದ್ರವಾಗಿತ್ತು. ಆದರೆ ಓದುಗರಿಗೆ ಅಲಭ್ಯವಾಗಿತ್ತು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಹೊರಬಂದು, 1958ರಲ್ಲಿ ಹದಿನಾರು ಸಂಪುಟಗಳು ಪೂರ್ಣಗೊಂಡ ಮೇಲೆಯೇ ಅದು ಸರ್ವರ ಸ್ವತ್ತಾಯಿತು. ಕಾಪಾಡಿದವರ ಋಣ ದೊಡ್ಡದು. ತೆರೆದವರ ಋಣವೂ ಚಿಕ್ಕದಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧವಾದ ಗ್ರಂಥವು ಪೊನ್ನನ ಶಾಂತಿಪುರಾಣ. ಅದು ಕಾವ್ಯ, ಕಥೆ. ಶಾಸ್ತ್ರದಾನವೆಂದು ಆ ತಾಯಿ ಆರಿಸಿಕೊಂಡುದು ಕಥೆಯ ಪುಸ್ತಕವನ್ನೇ.

ಟ್ರಸ್ಟುಗಳು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಆಗಮಗಳ ಸಾಲನ್ನು ಕದಲಿಸಬೇಕಾಗಿಲ್ಲ. ಸ್ಮರಣ ಸಂಚಿಕೆಗಳನ್ನು ಒತ್ತರಿಸಿ ಕೆಳಗಿನ ಒಂದು ಸಾಲನ್ನು ತೆರವು ಮಾಡಿದರೆ ಸಾಕು. ವರ್ಷಕ್ಕೆ ಹನ್ನೆರಡು ಪುಸ್ತಕಗಳು: ನಾಲ್ಕು ಕಾದಂಬರಿ, ನಾಲ್ಕು ಆತ್ಮಕಥೆ, ಎರಡು ನಾಟಕ, ಎರಡು ಸಣ್ಣಕಥೆಗಳ ಸಂಗ್ರಹ. ಆರಿಸಲು ಮೂವರು ಇರಲಿ. ಅವರಲ್ಲಿ ಒಬ್ಬಳು ಗೃಹಿಣಿ, ಒಬ್ಬರು ಕಾಲೇಜಿನ ವಿದ್ಯಾರ್ಥಿ ಆಗಿರಲಿ. ತಿಂಗಳಿಗೊಮ್ಮೆ ಒಂದು ಪುಸ್ತಕದ ಮೇಲೆ ಮಾತುಕತೆ ನಡೆಯಲಿ. ವಾಚನೆ, ಪೃಚ್ಛನೆ, ಅನುಪ್ರೇಕ್ಷೆಗಳು ಸ್ವಾಧ್ಯಾಯದ ಅಂಗಗಳಲ್ಲವೆ? ಓದುವುದು, ಕೇಳುವುದು, ಮೆಲುಕು ಹಾಕುವುದು, ಈ ಕ್ರಮವನ್ನು ಕಾದಂಬರಿಗೆ ಅನ್ವಯಿಸಿದರೆ ಅದು ಕಾಲಹರಣವಾಗಿ ಉಳಿಯುವುದಿಲ್ಲ.

ಆ ಸಾಲಿನಲ್ಲಿ ಮೊದಲು ಇಡಬೇಕಾದ ಪುಸ್ತಕ ಅರ್ಧಕಥಾನಕ. ತನ್ನ ಸಮಾಜದ ಒಬ್ಬ ವರ್ತಕನು ಸೋತುದನ್ನೂ ಮೋಸಹೋದುದನ್ನೂ ಧರ್ಮದಲ್ಲಿ ಎಡವಿದುದನ್ನೂ ಬಸದಿಯ ಕೊಠಡಿಯಲ್ಲಿ ಕುಳಿತು ಗಟ್ಟಿಯಾಗಿ ಓದಬಲ್ಲ ಸಮಾಜಕ್ಕೆ ವಿಕಥೆಯ ಭಯವಿರುವುದಿಲ್ಲ. ಬನಾರಸೀದಾಸನು ಉಳಿದರ್ಧವನ್ನು ಬರೆಯಲಿಲ್ಲ. ಅದನ್ನು ಅಷ್ಟೇ ಪ್ರಾಮಾಣಿಕವಾಗಿ ತಮ್ಮ ತಮ್ಮ ಬಾಳಿನಲ್ಲಿ ಬರೆಯಬೇಕಾದವರು ಓದುವ ಶ್ರಾವಕ ಶ್ರಾವಿಕೆಯರು.